ಎಷ್ಟು ಟನ್ ಬೇಕು? ಸಿಮ್ಯುಲೇಶನ್ ಸಾಫ್ಟ್‌ವೇರ್‌ನಲ್ಲಿ ಹೀಟ್ ಲೋಡ್ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಕಟ್ಟಡಕ್ಕೆ ಎಸಿ, ಚಿಲ್ಲರ್ (ದೊಡ್ಡ ಕಟ್ಟಡಗಳ ಎಸಿಗೆ ನೀರು ತಣ್ಣಗೆ ಮಾಡಿ ಕೊಡುವ ಯಂತ್ರ), ಹೀಟರ್ ಎಷ್ಟು ದೊಡ್ಡದಿರಬೇಕು ಅನ್ನುವುದನ್ನು ಎನರ್ಜಿ ಸಿಮ್ಯುಲೇಶನ್ ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಹಾಕಲು ಹೊರಟವರು ಕೇಳುವ ಪ್ರಶ್ನೆಗಳು ಇವು. ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಹೊಸದಾಗಿ ಕನ್ಸಲ್ಟೆನ್ಸಿಗೆ ಸೇರಿದವರು, ಕೆಲವು ಆರ್ಕಿಟೆಕ್ಟ್‌ಗಳು, ಆಗಾಗ ಕಟ್ಟಡದ ಮಾಲೀಕರೂ ಕೇಳುತ್ತಾರೆ. ಉದಾಹರಣೆಗಳು ಹೆಚ್ಚಾಗಿ ಬೆಂಗಳೂರು, ಮಂಗಳೂರಿನವು. ಸಾಫ್ಟ್‌ವೇರ್ ಅಂದಾಗ ಹೆಚ್ಚಾಗಿ ಎನರ್ಜಿಪ್ಲಸ್ ಅಂದುಕೊಳ್ಳಿ. ಬೇರೆಯವುಗಳಲ್ಲೂ ಮೂಲ ವಿಷಯ ಇದೇ. ಹೀಟ್ ಲೋಡ್, ಅಥವಾ ಬರೀ ಲೋಡ್, ಅಂದರೆ ಕೋಣೆ ಹದವಾಗಿರಲು ಯಂತ್ರ ತೆಗೆಯಬೇಕಾದ (ಅಥವಾ ಕೊಡಬೇಕಾದ) ಶಾಖ; ಅದು ಅತಿ ಹೆಚ್ಚಾದಾಗ ಪೀಕ್.

ನೂರು ಚದರಡಿಗೆ ಒಂದು ಟನ್ ಅಂತ ಎಲ್ಲರೂ ಹೇಳುತ್ತಾರೆ. ಮತ್ತೆ ಸಾಫ್ಟ್‌ವೇರ್ ಯಾಕೆ?

ಒಂದು ಬೆಡ್‌ರೂಮಿಗೆ ಆ ಲೆಕ್ಕ ಹೇಗೋ ನಡೆದುಹೋಗುತ್ತದೆ. 20,000 ಚದರಡಿಯ ಆಫೀಸಿಗೆ ಅದನ್ನೇ ಹಾಕಿದರೆ 200 ಟನ್ ಬರುತ್ತದೆ. ಗಾಜಿಗೆ ನೆರಳಿದ್ದು, ಛಾವಣಿಗೆ ಇನ್ಸುಲೇಶನ್ ಇದ್ದು, ಒಳಗೆ ಎಲ್‌ಇಡಿ ದೀಪ ಮತ್ತು ಲ್ಯಾಪ್‌ಟಾಪ್‌ಗಳಷ್ಟೇ ಇದ್ದರೆ ಅದೇ ಆಫೀಸಿಗೆ 60–70 ಟನ್ ಸಾಕಾಗಬಹುದು. ಕಿಟಕಿ ಪಶ್ಚಿಮಕ್ಕಿದೆಯೋ ಉತ್ತರಕ್ಕಿದೆಯೋ ಚದರಡಿಗೆ ಗೊತ್ತಾಗುವುದಿಲ್ಲ, ಅಲ್ವಾ?

ಸಾಫ್ಟ್‌ವೇರ್‌ನಿಂದ ಕೊನೆಗೆ ಟನ್ ಸಂಖ್ಯೆ ಸಿಗುತ್ತದೆ, ಸರಿ. ಅದಕ್ಕಿಂತ ಮುಖ್ಯವಾದದ್ದು ಆ ಟನ್ ಯಾವ ತಿಂಗಳು, ಯಾವ ಗಂಟೆಗೆ, ಯಾವುದರಿಂದ ಬಂತು ಅನ್ನುವ ವಿವರ. ಗಾಜಿನಿಂದ ಎಷ್ಟು, ಹೊರಗಿನ ಗಾಳಿಯಿಂದ ಎಷ್ಟು, ಜನರಿಂದ ಎಷ್ಟು? ಇದು ಗೊತ್ತಿಲ್ಲದೆ ಬರೀ ಟನ್ ಹಿಡಿದುಕೊಂಡು ಮಾತಾಡಿದರೆ ಅದೂ ಒಂದು ಅಂದಾಜೇ. ಸ್ವಲ್ಪ ದುಬಾರಿ ಅಂದಾಜು, ಅಷ್ಟೆ.

ಟನ್ ಅಂದರೆ ಎಷ್ಟು?

3.517 ಕಿಲೋವಾಟ್ ಶಾಖ, ಅಥವಾ ಗಂಟೆಗೆ 12,000 ಬಿಟಿಯು. 2,000 ಪೌಂಡ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಹೀರಿಕೊಳ್ಳುವ ಶಾಖದಿಂದ ಬಂದ ಅಳತೆ. ಇದು ಎಸಿ ಕೋಣೆಯಿಂದ ತೆಗೆಯುವ ಶಾಖದ ಲೆಕ್ಕ, ಕರೆಂಟಿನ ಲೆಕ್ಕವಲ್ಲ.

ನಮ್ಮ ಆಫೀಸಿನಲ್ಲಿ ಇ-20 ಶೀಟ್ (ಕೈಯಿಂದ ಹೀಟ್ ಲೋಡ್ ಲೆಕ್ಕ ಹಾಕುವ ನಮೂನೆ) ಇದೆ. ವರ್ಷಗಟ್ಟಲೆ ಅದರಲ್ಲೇ ಕೆಲಸ ಮಾಡಿದ್ದೇವೆ. ಅದು ತಪ್ಪಾ?

ತಪ್ಪಲ್ಲ. ಸರಿಯಾಗಿ ತುಂಬಿದರೆ ಇ-20 ಇವತ್ತಿಗೂ ಒಳ್ಳೆಯ ಶೀಟ್. ತೊಂದರೆ ಇರುವುದು ನಾವು ಅದನ್ನು ಬಳಸುವ ರೀತಿಯಲ್ಲಿ. ಸಾಮಾನ್ಯವಾಗಿ ಬೇಸಿಗೆಯ ಒಂದು ದಿನ, ಮಧ್ಯಾಹ್ನ ನಾಲ್ಕು ಗಂಟೆ ಅಂತ ಹಿಡಿದು ಎಲ್ಲ ಕೋಣೆಗಳಿಗೂ ಅದೇ ಗಂಟೆಗೆ ಲೆಕ್ಕ ಹಾಕುತ್ತೇವೆ. ಪೂರ್ವದ ಕ್ಯಾಬಿನ್‌ಗೆ ಬೆಳಗ್ಗೆ ಒಂಬತ್ತಕ್ಕೆ ಲೋಡ್ ಜಾಸ್ತಿ. ಟಾಪ್ ಫ್ಲೋರ್ ಬೆಡ್‌ರೂಮಿಗೆ ರಾತ್ರಿ ಎಂಟರ ಹೊತ್ತಿಗೂ ಇಳಿದಿರುವುದಿಲ್ಲ, ಏಕೆಂದರೆ ಆರ್‌ಸಿಸಿ ಸ್ಲ್ಯಾಬ್ ಮಧ್ಯಾಹ್ನದ ಬಿಸಿಲನ್ನು ತನ್ನೊಳಗೆ ಇಟ್ಟುಕೊಂಡು ಗಂಟೆಗಟ್ಟಲೆ ತಡವಾಗಿ ಕೆಳಗೆ ಬಿಡುತ್ತದೆ.

ಸಿಮ್ಯುಲೇಶನ್ ಗೋಡೆ, ಛಾವಣಿ, ನೆಲ, ಗಾಜು ಎಲ್ಲದರ ಶಾಖವನ್ನೂ ದಿನದ ಪ್ರತಿ ಗಂಟೆ, ಬೇಕಾದರೆ ಪ್ರತಿ ಹತ್ತು ನಿಮಿಷಕ್ಕೆ ಲೆಕ್ಕ ಹಾಕುತ್ತದೆ. ಯಾವ ಗಂಟೆ ಮುಖ್ಯ ಅಂತ ನೀವು ಮೊದಲೇ ಊಹಿಸಬೇಕಾಗಿಲ್ಲ. ಆದರೂ ಇ-20 ಬಿಸಾಡಬೇಡಿ. ಎರಡರ ಉತ್ತರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಎಲ್ಲಿಂದ ಬಂತು ಅಂತ ಹೇಳಲು ಆಗದಿದ್ದರೆ ಮಾಡೆಲ್ ಇನ್ನೂ ಮುಗಿದಿಲ್ಲ.

ಯಾವ ಸಾಫ್ಟ್‌ವೇರ್ ಕಲಿಯಬೇಕು?

ಎನರ್ಜಿಪ್ಲಸ್ ಅಮೆರಿಕದ ಇಂಧನ ಇಲಾಖೆಯ ಸಾಫ್ಟ್‌ವೇರ್. 2001ರಲ್ಲಿ ಬಿಡುಗಡೆಯಾಯಿತು. ಬ್ಲಾಸ್ಟ್ ಮತ್ತು ಡಿಒಇ-2 ಅನ್ನುವ ಎರಡು ಹಳೆಯ ಪ್ರೋಗ್ರಾಂಗಳ ಮುಂದುವರಿಕೆ ಅದು. ಪೂರ್ತಿ ಉಚಿತ. ಅದರ ಮುಖ ಮಾತ್ರ ಒರಟು, ಎಲ್ಲವೂ ಟೆಕ್ಸ್ಟ್ ಫೈಲು. ಹಾಗಾಗಿ ಜನ ಓಪನ್‌ಸ್ಟುಡಿಯೋ ಮೂಲಕ (ಉಚಿತ) ಅಥವಾ ಡಿಸೈನ್‌ಬಿಲ್ಡರ್ ಮೂಲಕ (ಹಣ ಕೊಡಬೇಕು) ಬಳಸುತ್ತಾರೆ. ಇಕ್ವೆಸ್ಟ್ ಹಳೆಯದು, ಡಿಒಇ-2ರ ಮೇಲೆ ನಿಂತಿದೆ. ಕ್ಯಾರಿಯರ್‌ನ ಎಚ್‌ಎಪಿ, ಟ್ರೇನ್‌ನ ಟ್ರೇಸ್ ಎರಡೂ ಹೀಟ್ ಲೋಡ್ ಮತ್ತು ಉಪಕರಣದ ಆಯ್ಕೆಗೆಂದೇ ಮಾಡಿದವು. ನಮ್ಮ ಕನ್ಸಲ್ಟೆಂಟ್‌ಗಳ ಕಂಪ್ಯೂಟರ್‌ನಲ್ಲಿ ಎಚ್‌ಎಪಿ ಇದ್ದೇ ಇರುತ್ತದೆ.

ನನ್ನ ಸಲಹೆ: ಟನ್ ಲೆಕ್ಕ ಮಾತ್ರ ಬೇಕು, ಡೆಡ್‌ಲೈನ್ ಹತ್ತಿರವಿದೆ ಅಂದರೆ ಎಚ್‌ಎಪಿ. ಗಾಜು, ನೆರಳು, ಛಾವಣಿ ಬದಲಿಸಿ ನೋಡುವ ಅವಕಾಶ ಇದೆ ಅಂದರೆ ಎನರ್ಜಿಪ್ಲಸ್ ಕುಟುಂಬ. ಸಾಫ್ಟ್‌ವೇರ್‌ಗಳ ನಡುವಿನ ವ್ಯತ್ಯಾಸಕ್ಕಿಂತ, ಒಂದೇ ಸಾಫ್ಟ್‌ವೇರ್ ಬಳಸುವ ಇಬ್ಬರು ಎಂಜಿನಿಯರ್‌ಗಳ ನಡುವಿನ ವ್ಯತ್ಯಾಸವೇ ಜಾಸ್ತಿ ಇರುತ್ತದೆ.

ವರ್ಷದ 8,760 ಗಂಟೆಯ ಹವಾಮಾನ ಫೈಲು ಇದೆಯಲ್ಲ. ಅದನ್ನು ಓಡಿಸಿ, ಅತಿ ಹೆಚ್ಚು ಲೋಡ್ ಬಂದ ಗಂಟೆಯನ್ನು ತೆಗೆದುಕೊಂಡರೆ ಸಾಲದಾ?

ಸಾಲದು. ಆ ಹವಾಮಾನ ಫೈಲು, ಅಂದರೆ ಇಪಿಡಬ್ಲ್ಯು ಫೈಲು, ಸಾಮಾನ್ಯವಾಗಿ ಒಂದು ನಿಜವಾದ ವರ್ಷದ್ದಲ್ಲ. ಹಲವು ವರ್ಷಗಳ ದಾಖಲೆಯಿಂದ 'ಮಾಮೂಲಿ' ಜನವರಿ, 'ಮಾಮೂಲಿ' ಫೆಬ್ರವರಿ ಹೀಗೆ ಆರಿಸಿ ಜೋಡಿಸಿದ ವರ್ಷ. ಕರೆಂಟ್ ಬಿಲ್ ಅಂದಾಜಿಗೆ ಅದು ಚೆನ್ನ. ಆದರೆ ವಿಪರೀತ ದಿನಗಳು ಆ ಆಯ್ಕೆಯಲ್ಲೇ ಬಿಟ್ಟುಹೋಗಿರುತ್ತವೆ. ಎಸಿ ಸೈಜ್ ಮಾಡಬೇಕಾಗಿರುವುದೇ ಅಂಥ ದಿನಗಳಿಗೆ.

ಅದಕ್ಕಾಗಿ ಡಿಸೈನ್ ಡೇ ಇದೆ, ಅಂದರೆ ಸೈಜ್ ಮಾಡಲೆಂದೇ ಇಟ್ಟ ವಿಪರೀತ ದಿನ. ಆಶ್ರೇ (ಎಸಿ, ಹೀಟಿಂಗ್ ಎಂಜಿನಿಯರ್‌ಗಳ ಅಮೆರಿಕದ ಸಂಸ್ಥೆ) ಪ್ರಪಂಚದ ಸಾವಿರಾರು ಊರುಗಳಿಗೆ ಈ ಅಂಕಿಗಳನ್ನು ಕೊಡುತ್ತದೆ. ಶೇ. 0.4ರ ಕೂಲಿಂಗ್ ಡಿಸೈನ್ ಅಂದರೆ, ವರ್ಷದಲ್ಲಿ ಸುಮಾರು 35 ಗಂಟೆ ಮಾತ್ರ ಹೊರಗಿನ ತಾಪಮಾನ ಅದನ್ನು ದಾಟುತ್ತದೆ. ಶೇ. 1 ಅಂದರೆ ಸುಮಾರು 88 ಗಂಟೆ. ಹೀಟಿಂಗ್‌ಗೆ ಇದೇ ಉಲ್ಟಾ: ಶೇ. 99.6, ಶೇ. 99. ಹವಾಮಾನ ಫೈಲಿನ ಜೊತೆ ಡಿಡಿವೈ ಅನ್ನುವ ಫೈಲು ಬರುತ್ತದಲ್ಲ, ಈ ದಿನಗಳೆಲ್ಲ ಅದರಲ್ಲಿವೆ.

ಒಂದು ಎಚ್ಚರಿಕೆ. ಎನರ್ಜಿಪ್ಲಸ್ ಜೊತೆ ಬರುವ ಎಷ್ಟೋ ಉದಾಹರಣೆ ಫೈಲುಗಳು ಚಿಕಾಗೊದ್ದು. ಕೂಲಿಂಗ್ ಡಿಸೈನ್ 31.5 ಡಿಗ್ರಿ, ಹೀಟಿಂಗ್ ಡಿಸೈನ್ ಮೈನಸ್ 17.3 ಡಿಗ್ರಿ. ಹುಡುಗರು ಆ ಫೈಲನ್ನು ಕಾಪಿ ಮಾಡಿ, ಬೆಂಗಳೂರಿನ ಇಪಿಡಬ್ಲ್ಯು ಸೇರಿಸಿ, ಡಿಸೈನ್ ಡೇ ಬದಲಿಸಲು ಮರೆಯುತ್ತಾರೆ. ಸಾಫ್ಟ್‌ವೇರ್ ಸುಮ್ನೆ ಓಡುತ್ತದೆ, ತಡೆದು ನಿಲ್ಲಿಸುವುದಿಲ್ಲ. ಜಯನಗರದ ಆಫೀಸಿಗೆ ದೊಡ್ಡ ಹೀಟಿಂಗ್ ಕಾಯಿಲ್ (ಗಾಳಿಯನ್ನು ಬಿಸಿ ಮಾಡುವ ಸುರುಳಿ) ಬೇಕು ಅಂತ ರಿಪೋರ್ಟ್ ಹೇಳಿದರೆ ಮೊದಲು ಚಿಕಾಗೊ ಹುಡುಕಿ.

ಬೆಂಗಳೂರಿಗೆ ಏಪ್ರಿಲ್–ಮೇ ಡಿಸೈನ್ ಡೇ ಒಂದೇ ಸಾಕಲ್ವಾ? ಸೆಖೆ ಇರುವುದು ಆಗಲೇ ತಾನೇ?

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಊರಿನಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲೇ.

ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ನಡುಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಶಾಲೆಗಳಲ್ಲಿ ಮಕ್ಕಳಿಗೆ ತೋರಿಸುತ್ತಾರಲ್ಲ, ಅದೇ. ಆ ದಿನ ದಕ್ಷಿಣದ ಗಾಜಿನ ಮೇಲೆ ನೇರ ಬಿಸಿಲು ಹೆಚ್ಚುಕಡಿಮೆ ಬೀಳುವುದೇ ಇಲ್ಲ. ಡಿಸೆಂಬರ್ 21ಕ್ಕೆ ಬನ್ನಿ. ಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ, ಆಕಾಶವೂ ಶುಭ್ರ. ದಕ್ಷಿಣದ ಗಾಜಿನ ಪ್ರತಿ ಚದರ ಮೀಟರಿಗೆ 600 ವಾಟ್‌ಗೂ ಮೇಲೆ ಬಿಸಿಲು ಬೀಳುತ್ತದೆ. ಏಪ್ರಿಲ್ ಕೊನೆಯಲ್ಲಿ ಬರೀ ಚದುರಿದ ಬೆಳಕು, 200ರ ಆಸುಪಾಸು. ಸಾದಾ ಗಾಜಾದರೆ ಒಳಗೆ ಬರುವ ಬಿಸಿಲಿನಲ್ಲೇ ಚದರ ಮೀಟರಿಗೆ 300 ವಾಟ್‌ಗೂ ಜಾಸ್ತಿ ವ್ಯತ್ಯಾಸ. ಹೊರಗಿನ ತಾಪಮಾನ ಡಿಸೆಂಬರ್‌ನಲ್ಲಿ ಏಳೆಂಟು ಡಿಗ್ರಿ ಕಡಿಮೆ, ನಿಜ. ಆದರೆ ಅದರಿಂದ ಅದೇ ಗಾಜಿನಲ್ಲಿ ಉಳಿಯುವುದು 40–45 ವಾಟ್ ಮಾತ್ರ.

ಅಂದರೆ ದಕ್ಷಿಣಕ್ಕೆ ದೊಡ್ಡ ಗಾಜಿರುವ ಕ್ಯಾಬಿನ್‌ಗೆ ವರ್ಷದ ಅತಿ ದೊಡ್ಡ ಲೋಡ್ ಡಿಸೆಂಬರ್–ಜನವರಿಯಲ್ಲಿ ಬರುತ್ತದೆ. ಊರೆಲ್ಲ ಸ್ವೆಟರ್ ಹಾಕಿಕೊಂಡಾಗ ಆ ಕ್ಯಾಬಿನ್‌ನಲ್ಲಿ ಕೂತವರು ಫೆಸಿಲಿಟಿ ಟೀಮಿಗೆ ಫೋನ್ ಮಾಡಿ ಎಸಿ ಸಾಲುತ್ತಿಲ್ಲ ಅಂತಾರೆ. ಏಪ್ರಿಲ್ ದಿನಕ್ಕೆ ಮಾತ್ರ ಸೈಜ್ ಮಾಡಿದ್ದರೆ ಅವರು ಹೇಳುವುದು ಸರಿ.

ಉತ್ತರದ ಕಥೆಯೂ ಇದೆ. ಮೇಯಿಂದ ಜುಲೈವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ. ಬೆಳಗ್ಗೆ, ಸಂಜೆ ಉತ್ತರದ ಗಾಜಿಗೆ ಓರೆ ಬಿಸಿಲು ಸಿಗುತ್ತದೆ. 'ಉತ್ತರದ ಗಾಜಿಗೆ ಬಿಸಿಲೇ ಇಲ್ಲ' ಅನ್ನುವುದು ಉತ್ತರ ದೇಶಗಳ ಪಾಠ. ಕಟ್ಟಡಗಳ ಇಂಧನ ಉಳಿತಾಯಕ್ಕೆ ಭಾರತ ಮಾಡಿದ ನಿಯಮಾವಳಿ ಇಸಿಬಿಸಿ 2017 ಕೂಡ ಇದನ್ನು ಗಮನಿಸಿದೆ. 15 ಡಿಗ್ರಿ ಅಕ್ಷಾಂಶಕ್ಕಿಂತ ಕೆಳಗಿನ ಊರುಗಳಲ್ಲಿ ಉತ್ತರದ ಗಾಜಿಗೂ ಬೇರೆ ದಿಕ್ಕಿನಂತೆಯೇ ಎಸ್‌ಎಚ್‌ಜಿಸಿ (ಗಾಜಿನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಒಳಗೆ ಬರುವ ಪಾಲು) 0.27ರ ಮಿತಿ. ಅದಕ್ಕಿಂತ ಮೇಲಿನ ಊರುಗಳಿಗೆ ಉತ್ತರದಲ್ಲಿ 0.50ರವರೆಗೆ ರಿಯಾಯಿತಿ.

ಮೂರನೆಯದು ಹೊರಗಿನ ಗಾಳಿ. ಒಣ ಸೆಖೆಯ ದಿನ 34 ಡಿಗ್ರಿ, ವೆಟ್ ಬಲ್ಬ್ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ತಾಪಮಾನ; ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಏರುತ್ತದೆ) 20 ಇದೆ ಅನ್ನಿ. ಮಳೆ ಶುರುವಾದ ಮೇಲೆ ಇನ್ನೊಂದು ದಿನ 29 ಡಿಗ್ರಿ, ವೆಟ್ ಬಲ್ಬ್ 23. ಮೈಗೆ ಎರಡನೆಯದು ತಂಪು ಅನ್ನಿಸಬಹುದು. ಆದರೆ ಬೆಂಗಳೂರಿನ ಎತ್ತರದಲ್ಲಿ ಲೆಕ್ಕ ಹಾಕಿ ನೋಡಿ. ಒಳಗೆ 24 ಡಿಗ್ರಿ, ಶೇ. 50 ತೇವಾಂಶ ಇಡಬೇಕಾದರೆ ಮೊದಲ ದಿನ ಪ್ರತಿ ಕಿಲೋ ಗಾಳಿಯಿಂದ ಸುಮಾರು 11 ಕಿಲೋಜೂಲ್ ತೆಗೆಯಬೇಕು. ಎರಡನೆಯ ದಿನ ಸುಮಾರು 23. ಎರಡು ಪಟ್ಟು! ಸಭಾಂಗಣ, ಸಿನಿಮಾ, ಆಸ್ಪತ್ರೆಯಂತೆ ಹೊರಗಿನ ಗಾಳಿ ಜಾಸ್ತಿ ಬೇಕಾದ ಕಡೆ ಕಾಯಿಲ್ ಸೈಜ್ ತೀರ್ಮಾನಿಸುವುದು ಈ ಎರಡನೆಯ ದಿನ.

ಹಾಗಾಗಿ ಡಿಡಿವೈ ಫೈಲಿನಿಂದ ಡ್ರೈ ಬಲ್ಬ್ (ಮಾಮೂಲಿ ತಾಪಮಾನ) ದಿನ, ವೆಟ್ ಬಲ್ಬ್ ದಿನ, ಡ್ಯೂ ಪಾಯಿಂಟ್ (ಗಾಳಿಯ ತೇವ ನೀರಾಗಲು ಶುರುವಾಗುವ ತಾಪಮಾನ) ದಿನ ಮೂರನ್ನೂ ಹಾಕಿ. ಅದರ ಜೊತೆ ತಿಂಗಳವಾರು ಡಿಸೈನ್ ಡೇಗಳಲ್ಲಿ ಕನಿಷ್ಠ ಡಿಸೆಂಬರ್, ಮಾರ್ಚ್, ಜೂನ್ ಸೇರಿಸಿ. ಕೆಲವು ಸೆಕೆಂಡು ಜಾಸ್ತಿ ಓಡುತ್ತದೆ, ಅಷ್ಟೇ. ಪ್ರತಿ ಝೋನ್‌ಗೂ (ಒಂದು ಥರ್ಮೋಸ್ಟಾಟ್ ನೋಡಿಕೊಳ್ಳುವ ಭಾಗ) ಯಾವ ದಿನ ಗೆದ್ದಿತು ಅಂತ ಸಾಫ್ಟ್‌ವೇರ್ ತಾನೇ ಆರಿಸುತ್ತದೆ.

ಈಗೀಗ ಬೆಂಗಳೂರಿನ ಸೆಖೆ ಹಳೆಯ ಅಂಕಿಗಳನ್ನು ದಾಟುತ್ತಿದೆಯಲ್ಲ?

ದಾಟುತ್ತಿದೆ. ಆಶ್ರೇ ಪಟ್ಟಿಯಲ್ಲಿ ಬೆಂಗಳೂರಿನ ಶೇ. 0.4 ಅಂಕಿ ಸುಮಾರು 34 ಡಿಗ್ರಿ. 2016ರ ಏಪ್ರಿಲ್‌ನಲ್ಲಿ ನಗರದ ತಾಪಮಾನ 39.2 ಡಿಗ್ರಿ ಮುಟ್ಟಿತ್ತು. 2024ರ ಏಪ್ರಿಲ್ ಕೊನೆಯಲ್ಲೂ 38 ದಾಟಿತು.

ಹಾಗಂತ 39ಕ್ಕೆ ಸೈಜ್ ಮಾಡಬೇಡಿ. ಆಫೀಸಿನಲ್ಲಿ ವರ್ಷಕ್ಕೆ ಕೆಲವು ಗಂಟೆ ಒಳಗೆ 24ರ ಬದಲು 25.5 ಆದರೆ ಯಾರೂ ಸಾಯುವುದಿಲ್ಲ. ಆಪರೇಶನ್ ಥಿಯೇಟರ್, ಸರ್ವರ್ ರೂಮ್ ಆದರೆ ಮಾತು ಬೇರೆ. ನಾನು ಮಾಡುವುದು ಇಷ್ಟು: ಡಿಸೈನ್ ಡೇಗೆ ಸೈಜ್ ಮಾಡಿ, ಆ ಸೈಜನ್ನು ಲಾಕ್ ಮಾಡಿ, 38 ಡಿಗ್ರಿಯ ದಿನವೊಂದನ್ನು ಬೇರೆಯಾಗಿ ಓಡಿಸುವುದು. ಒಳಗಿನ ತಾಪಮಾನ ಎಷ್ಟಕ್ಕೆ ಏರುತ್ತದೆ ಅಂತ ನೋಡಿ ಮಾಲೀಕರಿಗೆ ತೋರಿಸಿದರೆ ಅವರೇ ತೀರ್ಮಾನ ಮಾಡುತ್ತಾರೆ. ಫೈಲು ಎಷ್ಟು ವರ್ಷ ಹಳೆಯದು, ಎಚ್‌ಎಎಲ್ ವಿಮಾನ ನಿಲ್ದಾಣದ್ದೋ ದೇವನಹಳ್ಳಿಯದ್ದೋ ಅನ್ನುವುದನ್ನೂ ನೋಡಿಕೊಳ್ಳಿ.

ಬೆಂಗಳೂರಿನ ಎತ್ತರದಿಂದ ಲೆಕ್ಕ ಬದಲಾಗುತ್ತದಾ?

ಬದಲಾಗುತ್ತದೆ. 920 ಮೀಟರ್ ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 10 ತೆಳು. ಅಷ್ಟೇ ಶಾಖ ಹೊತ್ತೊಯ್ಯಲು ಜಾಸ್ತಿ ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ಬೇಕು. ಸಿಎಫ್‌ಎಂನಿಂದ ಶಾಖ ಲೆಕ್ಕ ಹಾಕಲು ಕಾಲೇಜಿನಲ್ಲಿ ಕಲಿತ 1.08 ಅನ್ನುವ ಸಂಖ್ಯೆ ಇಲ್ಲಿ 0.97ರ ಹತ್ತಿರ. ಎನರ್ಜಿಪ್ಲಸ್ ಇದನ್ನು ತಾನೇ ನೋಡಿಕೊಳ್ಳುತ್ತದೆ, ಡಿಸೈನ್ ಡೇಯಲ್ಲಿ ಗಾಳಿಯ ಒತ್ತಡ ಸರಿಯಾಗಿದ್ದರೆ. ಆದರೆ ಫ್ಯಾನ್ ಕ್ಯಾಟಲಾಗ್, ಏರ್ ಕೂಲ್ಡ್ ಚಿಲ್ಲರ್ ಕ್ಯಾಟಲಾಗ್ ಸಮುದ್ರಮಟ್ಟದ್ದು. ವೆಂಡರ್ ಎತ್ತರದ ತಿದ್ದುಪಡಿ ಮಾಡಿದ್ದಾರಾ ಅಂತ ಕೇಳಿ.

ಮಂಗಳೂರಿನ ಕಟ್ಟಡಕ್ಕೆ ಬೇರೆ ಏನು ನೋಡಬೇಕು?

ನೀರು. ಕರಾವಳಿಯಲ್ಲಿ ತಾಪಮಾನ ಅಷ್ಟೇನೂ ವಿಪರೀತವಲ್ಲ, ಗಾಳಿಯಲ್ಲಿರುವ ತೇವವೇ ತಲೆನೋವು. ಡ್ಯೂ ಪಾಯಿಂಟ್ 26 ಡಿಗ್ರಿ ದಾಟಿದ ದಿನ ಪ್ರತಿ ಕಿಲೋ ಗಾಳಿಯಲ್ಲಿ 21–22 ಗ್ರಾಂ ನೀರಿರುತ್ತದೆ. ಒಳಗೆ ನಮಗೆ ಬೇಕಾದದ್ದು 10 ಗ್ರಾಂ. ಹತ್ತು ಜನರಿಗೆಂದು ಸೆಕೆಂಡಿಗೆ 100 ಲೀಟರ್ ಹೊರಗಿನ ಗಾಳಿ ತಂದರೆ, ಅದರ ನೀರು ತೆಗೆಯುವುದಕ್ಕೇ ಸುಮಾರು ಒಂದು ಟನ್ ಹೋಗುತ್ತದೆ. ತಣ್ಣಗೆ ಮಾಡುವ ಲೆಕ್ಕ ಇನ್ನೂ ಬೇರೆ.

ಒಟ್ಟು ಟನ್ ಜೊತೆ ಸೆನ್ಸಿಬಲ್ (ತಣ್ಣಗೆ ಮಾಡುವ ಪಾಲು), ಲೇಟೆಂಟ್ (ನೀರು ತೆಗೆಯುವ ಪಾಲು) ಎರಡನ್ನೂ ಬೇರೆ ಬೇರೆ ಬರೆದು ವೆಂಡರ್‌ಗೆ ಕೊಡಿ. ಒಟ್ಟು ಟನ್ ಹೊಂದಿದರೂ ಕಾಯಿಲ್ ಸಾಕಷ್ಟು ನೀರು ತೆಗೆಯದಿದ್ದರೆ, ಕೋಣೆ ತಣ್ಣಗಿದ್ದೂ ಜಿಗುಟು ಜಿಗುಟು. ಗೋಡೆಗೆ ಬೂಷ್ಟು ಬೇರೆ. ಕರಾವಳಿಯಲ್ಲಿ ಹೊರಗಿನ ಗಾಳಿಗೆ ಪ್ರತ್ಯೇಕ ಎಎಚ್‌ಯು (ಗಾಳಿಯನ್ನು ಹದ ಮಾಡಿ ಒಳಗೆ ಕಳಿಸುವ ಯಂತ್ರ) ಇಡುವುದು ಒಳ್ಳೆಯದು.

ನನ್ನ ಮಾಡೆಲ್‌ನಲ್ಲಿ ಲೋಡ್ ತೀರಾ ಕಡಿಮೆ ಬರುತ್ತಿದೆ. ಎಲ್ಲ ಸರಿಯಾಗಿಯೇ ಹಾಕಿದ್ದೇನೆ.

ಶೆಡ್ಯೂಲ್ (ಯಾವ ದಿನ, ಯಾವ ಗಂಟೆಗೆ ಜನ, ದೀಪ, ಕಂಪ್ಯೂಟರ್ ಎಷ್ಟು ಅನ್ನುವ ಪಟ್ಟಿ) ನೋಡಿ. ಎನರ್ಜಿಪ್ಲಸ್‌ನಲ್ಲಿ ಸೋಮವಾರ, ಮಂಗಳವಾರದ ಹಾಗೆ 'ಸಮ್ಮರ್ ಡಿಸೈನ್ ಡೇ', 'ವಿಂಟರ್ ಡಿಸೈನ್ ಡೇ' ಅನ್ನುವವೂ ಬೇರೆಯೇ ದಿನಗಳು. ಶೆಡ್ಯೂಲ್‌ನಲ್ಲಿ 'ವಾರದ ದಿನ: ಜನ ಇದ್ದಾರೆ, ಉಳಿದೆಲ್ಲ ದಿನ: ಸೊನ್ನೆ' ಅಂತ ಬರೆದರೆ ಡಿಸೈನ್ ಡೇ 'ಉಳಿದೆಲ್ಲ ದಿನ'ಕ್ಕೆ ಸೇರಿ ಭಾನುವಾರದಂತಾಗುತ್ತದೆ. ಜನರಿಲ್ಲ, ದೀಪವಿಲ್ಲ, ಕಂಪ್ಯೂಟರಿಲ್ಲ. ಖಾಲಿ ಆಫೀಸಿಗೆ ಸೈಜ್ ಆಗುತ್ತದೆ. ಎರರ್ ಏನೂ ಬರುವುದಿಲ್ಲ.

ಎರಡನೆಯ ಅನುಮಾನ: ಹೊರಗಿನ ಗಾಳಿ ಹಾಕಿಯೇ ಇಲ್ಲ. ಝೋನ್ ಲೋಡ್ ನೋಡಿ ಅದನ್ನೇ ಕಾಯಿಲ್ ಲೋಡ್ ಅಂದುಕೊಂಡಿರುತ್ತಾರೆ. ಕಾಯಿಲ್ ಲೋಡ್‌ನಲ್ಲಿ ಹೊರಗಿನ ಗಾಳಿಯದ್ದೂ ಸೇರಬೇಕು.

ಕಂಪ್ಯೂಟರ್, ದೀಪ, ಜನರಿಗೆ ಎಷ್ಟು ವಾಟ್ ಹಾಕಬೇಕು?

ಆಫೀಸ್ ಕೆಲಸ ಮಾಡುವ ಒಬ್ಬರಿಗೆ ಸುಮಾರು 130 ವಾಟ್, ಅದರಲ್ಲಿ 75 ಸೆನ್ಸಿಬಲ್, 55 ಲೇಟೆಂಟ್. ದೀಪಕ್ಕೆ ಲೈಟಿಂಗ್ ಡ್ರಾಯಿಂಗ್‌ನಲ್ಲಿರುವುದನ್ನೇ ಹಾಕಿ, ಹಳೆಯ ಟ್ಯೂಬ್‌ಲೈಟ್ ಕಾಲದ ಅಂಕಿ ಬೇಡ.

ಕಂಪ್ಯೂಟರ್ ವಿಷಯದಲ್ಲಿ ನೇಮ್‌ಪ್ಲೇಟ್ ನಂಬಬೇಡಿ. ಪವರ್ ಸಪ್ಲೈ ಮೇಲೆ 300 ವಾಟ್ ಅಂತ ಬರೆದಿದ್ದರೆ ಅದು ಗರಿಷ್ಠ ಮಿತಿ, ದಿನವಿಡೀ ಎಳೆಯುವುದಲ್ಲ. ಕ್ಲೈಂಟ್‌ನ ಈಗಿನ ಆಫೀಸಿನ ಯುಪಿಎಸ್ ರೀಡಿಂಗ್ ತೆಗೆದುಕೊಂಡು ಸೀಟುಗಳಿಂದ ಭಾಗಿಸಿ. ಅರ್ಧ ದಿನದ ಕೆಲಸ, ಆದರೆ ಇಡೀ ಲೆಕ್ಕದಲ್ಲಿ ಇಷ್ಟು ಲಾಭ ಕೊಡುವ ಅರ್ಧ ದಿನ ಇನ್ನೊಂದಿಲ್ಲ.

ಎಲ್ಲ ಝೋನ್‌ಗಳ ಪೀಕ್ ಕೂಡಿಸಿದರೆ ಚಿಲ್ಲರ್ ಸೈಜ್ ಬಂತು ಅಲ್ವಾ?

ಬರುವುದಿಲ್ಲ. ಪೂರ್ವದ ಝೋನ್ ಬೆಳಗ್ಗೆ, ಪಶ್ಚಿಮದ್ದು ಸಂಜೆ, ದಕ್ಷಿಣದ್ದು ಡಿಸೆಂಬರ್‌ನಲ್ಲಿ ಪೀಕ್ ಆಗುತ್ತದೆ. ಚಿಲ್ಲರ್ ಇವೆಲ್ಲವನ್ನೂ ಒಂದೇ ಗಂಟೆಗೆ ಎದುರಿಸುವುದಿಲ್ಲ. ಝೋನ್‌ಗೆ ಗಾಳಿ ಬಿಡುವ ಎಫ್‌ಸಿಯು, ವಿಎವಿ ಡಬ್ಬಗಳಿಗೆ ಆಯಾ ಝೋನ್‌ನ ಪೀಕ್. ಚಿಲ್ಲರ್‌ಗೆ ಎಲ್ಲವೂ ಸೇರಿ ಒಂದೇ ಗಂಟೆಯಲ್ಲಿ ಬರುವ ಅತಿ ದೊಡ್ಡ ಮೊತ್ತ, ಬ್ಲಾಕ್ ಲೋಡ್. ಎನರ್ಜಿಪ್ಲಸ್‌ನ ಪ್ಲಾಂಟ್ ಸೈಜಿಂಗ್‌ನಲ್ಲಿ ಕೋಇನ್ಸಿಡೆಂಟ್ (ಒಂದೇ ಗಂಟೆಯ ಮೊತ್ತ), ನಾನ್‌ಕೋಇನ್ಸಿಡೆಂಟ್ ಅನ್ನುವ ಆಯ್ಕೆ ಇದೆ. ಹಾಗೇ ಬಿಟ್ಟರೆ ನಾನ್‌ಕೋಇನ್ಸಿಡೆಂಟ್, ಅಂದರೆ ಬರೀ ಕೂಡಿಕೆ. ಬದಲಿಸಿ.

ಸೇಫ್ಟಿ ಫ್ಯಾಕ್ಟರ್ ಎಷ್ಟು ಇಡಬೇಕು?

ಎಷ್ಟಾದರೂ ಇಡಿ, ಒಂದೇ ಕಡೆ ಇಡಿ.

ನಡೆಯುವುದು ಹೀಗೆ. ಸಾಫ್ಟ್‌ವೇರ್‌ನಲ್ಲಿ ಕೂಲಿಂಗ್‌ಗೆ 1.15, ಹೀಟಿಂಗ್‌ಗೆ 1.25 ಮೊದಲೇ ಕೂತಿರುತ್ತದೆ. ಲೋಡ್ ಹಾಕುವ ಎಂಜಿನಿಯರ್ ಕಂಪ್ಯೂಟರ್ ವಾಟ್‌ಗೆ ಶೇ. 10 ಸೇರಿಸುತ್ತಾರೆ. ಅವರ ಮೇಲಿನವರು ಒಟ್ಟು ಟನ್‌ಗೆ ಶೇ. 10. ವೆಂಡರ್ 'ನಮ್ಮ ಕಡೆಯಿಂದ ಸ್ವಲ್ಪ' ಅಂತ ಇನ್ನೊಂದು ಶೇ. 10. ಎಲ್ಲ ಗುಣಿಸಿದರೆ 1.5 ದಾಟುತ್ತದೆ. ಬೆಳೆಯುವ ಮಗು ಅಂತ ದೊಡ್ಡ ಸೈಜಿನ ಯೂನಿಫಾರ್ಮ್ ಹೊಲಿಸಿದ ಹಾಗೆ. ಕಟ್ಟಡ ಬೆಳೆಯುವುದಿಲ್ಲ.

ಆ ಶೇ. 15 ಮತ್ತು ಶೇ. 25ರ ಅಂಕಿಗಳು ಕಟ್ಟಡಗಳ ಇಂಧನ ಮಾನದಂಡವಾದ ಆಶ್ರೇ 90.1ರ ಅಪೆಂಡಿಕ್ಸ್ ಜಿಯಲ್ಲೂ ಇವೆ. ಅಲ್ಲಿ ಅವು ಹೋಲಿಕೆಗೆಂದು ಕಟ್ಟುವ ಬೇಸ್‌ಲೈನ್ ಮಾಡೆಲ್‌ಗೆ ಇಟ್ಟ ನಿಯಮ. ನಿಮ್ಮ ನಿಜವಾದ ಚಿಲ್ಲರ್‌ಗೆ ಕೊಟ್ಟ ಸಲಹೆ ಅಂತ ಓದಿಕೊಳ್ಳಬೇಡಿ.

ಸ್ವಲ್ಪ ದೊಡ್ಡದಿದ್ದರೆ ನಷ್ಟವೇನು? ಸಾಲದೇ ಹೋದರೆ ಬೈಗುಳ ತಿನ್ನುವುದು ನಾವು.

ಈ ಹೆದರಿಕೆ ನಿಜ. ಎಸಿ ಸಾಲದಿದ್ದರೆ ಮಾರನೇ ದಿನವೇ ಫೋನ್ ಬರುತ್ತದೆ. ದೊಡ್ಡದಾಗಿದ್ದರೆ ಯಾರೂ ಫೋನ್ ಮಾಡುವುದಿಲ್ಲ, ಹಣ ಮಾತ್ರ ತಿಂಗಳು ತಿಂಗಳು ಹೋಗುತ್ತಿರುತ್ತದೆ. ಚಿಲ್ಲರ್ ದೊಡ್ಡದಾದರೆ ಪಂಪು, ಪೈಪು, ಕೇಬಲ್, ಟ್ರಾನ್ಸ್‌ಫಾರ್ಮರ್, ಡಿಜಿ ಸೆಟ್ ಎಲ್ಲವೂ ದೊಡ್ಡದು. ಬೆಸ್ಕಾಂನಿಂದ ಮಂಜೂರಾದ ಲೋಡ್ ಜಾಸ್ತಿ, ಅದರ ನಿಗದಿತ ಶುಲ್ಕವೂ ಜಾಸ್ತಿ. ಕರೆಂಟ್ ಉರಿಸಿದರೂ ಸರಿ, ಬಿಟ್ಟರೂ ಸರಿ.

ಫಿಕ್ಸೆಡ್ ಸ್ಪೀಡ್ ಯಂತ್ರವಾದರೆ ಇನ್ನೊಂದು ತೊಂದರೆ. ಬೇಗ ತಣ್ಣಗೆ ಮಾಡಿ ಆಫ್ ಆಗುತ್ತದೆ, ತೇವ ತೆಗೆಯುವಷ್ಟು ಹೊತ್ತು ಓಡುವುದೇ ಇಲ್ಲ. ಬೇಕಾದಷ್ಟೇ ವೇಗದಲ್ಲಿ ಓಡುವ ಇನ್ವರ್ಟರ್, ವಿಆರ್‌ಎಫ್ ಯಂತ್ರಗಳು ಬಂದ ಮೇಲೆ ಇದು ಕಡಿಮೆಯಾಗಿದೆ. ಪೂರ್ತಿ ಹೋಗಿಲ್ಲ. ಅವಕ್ಕೂ ಇಳಿಯಬಹುದಾದ ಕನಿಷ್ಠ ಮಿತಿ ಇದೆ.

ಬೆಂಗಳೂರಿನಂಥ ಹದವಾದ ಊರಿನಲ್ಲಿ ಚಿಲ್ಲರ್ ವರ್ಷದ ಹೆಚ್ಚಿನ ಹೊತ್ತು ಓಡುವುದು ಪಾರ್ಟ್ ಲೋಡ್‌ನಲ್ಲಿ, ಅಂದರೆ ಪೂರ್ತಿ ಸಾಮರ್ಥ್ಯಕ್ಕಿಂತ ಕಡಿಮೆಯಲ್ಲಿ. ಸಿಮ್ಯುಲೇಶನ್‌ನಿಂದ ವರ್ಷದ ಗಂಟೆವಾರು ಲೋಡ್ ತೆಗೆದು, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಒಂದು ಗ್ರಾಫ್ ಹಾಕಿ. ಒಂದೇ ಗಾತ್ರದ ಎರಡು ಚಿಲ್ಲರ್ ಇಡಬೇಕೋ, ಎರಡು ದೊಡ್ಡದರ ಜೊತೆ ರಾತ್ರಿ ಪಾಳಿಗೆ ಒಂದು ಚಿಕ್ಕದು ಬೇಕೋ ಅನ್ನುವುದು ಆ ಗೆರೆ ನೋಡಿದರೆ ಗೊತ್ತಾಗುತ್ತದೆ. ಇ-20 ಶೀಟ್ ಕೊಡಲಾಗದ ಉತ್ತರ ಇದು.

ಸೈಜ್ ಆರಿಸಲು ಸಾಫ್ಟ್‌ವೇರ್‌ಗೇ ಬಿಟ್ಟು ಆಟೋಸೈಜ್ ಮಾಡಿದರೆ 37.42 ಕಿಲೋವಾಟ್ ಅಂತ ಬರುತ್ತದೆ. ಮುಂದೇನು?

ಅಂಗಡಿಯಲ್ಲಿ 37.42 ಸಿಗುವುದಿಲ್ಲ. ಹತ್ತಿರದ ನಿಜವಾದ ಯಂತ್ರವನ್ನು ಆರಿಸಿ, ಅದರ ಸಾಮರ್ಥ್ಯವನ್ನು ಕೈಯಿಂದಲೇ ಹಾಕಿ, ಮತ್ತೆ ಓಡಿಸಿ. ಕ್ಯಾಟಲಾಗ್‌ನ ಸಾಮರ್ಥ್ಯ ಯಾವ ಸ್ಥಿತಿಯದ್ದು ಅಂತಲೂ ನೋಡಿ. ಸ್ಪ್ಲಿಟ್ ಎಸಿಯನ್ನು ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಇರುವಾಗ ಅಳೆಯುತ್ತಾರೆ. ನೀವು ಒಳಗೆ 24 ಇಡುತ್ತೀರಿ. ಔಟ್‌ಡೋರ್ ಯೂನಿಟ್‌ಗಳನ್ನು ಯುಟಿಲಿಟಿ ಬಾಲ್ಕನಿಯಲ್ಲಿ ಒಂದರ ಮೇಲೊಂದು ಜೋಡಿಸಿದ್ದರೆ ಒಂದರ ಬಿಸಿಗಾಳಿ ಇನ್ನೊಂದಕ್ಕೆ ಹೋಗುತ್ತದೆ. ಎರಡೂ ಸೇರಿ ಕ್ಯಾಟಲಾಗ್‌ನ ಟನ್ ಕಡಿಮೆಯಾಗುತ್ತದೆ. ಸಾಫ್ಟ್‌ವೇರ್‌ಗೆ ಆ ಬಾಲ್ಕನಿ ಗೊತ್ತಿಲ್ಲ.

ನಮ್ಮಲ್ಲಿ ಹೀಟಿಂಗ್ ಲೆಕ್ಕ ಬೇಕೇ ಇಲ್ಲವಲ್ಲ?

ಕೋಣೆ ಬೆಚ್ಚಗೆ ಮಾಡಲು ಕರ್ನಾಟಕದಲ್ಲಿ ಹೆಚ್ಚಾಗಿ ಬೇಡ. ಆದರೆ ಆಪರೇಶನ್ ಥಿಯೇಟರ್, ಔಷಧ ಕಾರ್ಖಾನೆಯ ಕ್ಲೀನ್ ರೂಮ್‌ಗಳಲ್ಲಿ ರೀಹೀಟ್ ಇದೆ. ಗಾಳಿಯ ನೀರು ತೆಗೆಯಲು 12–13 ಡಿಗ್ರಿಗೆ ಇಳಿಸಿ, ಆಮೇಲೆ ಮತ್ತೆ ಬಿಸಿ ಮಾಡಿ ಒಳಗೆ ಬಿಡುತ್ತಾರೆ. ಇದರ ಪೀಕ್ ಬರುವುದು ಚಳಿಗಾಲದಲ್ಲಲ್ಲ. ಮಳೆಗಾಲದಲ್ಲಿ, ಹೊರಗೆ ತೇವ ಜಾಸ್ತಿಯಿದ್ದು ಒಳಗೆ ಜನ, ಯಂತ್ರ ಕಡಿಮೆ ಇರುವಾಗ. ವಿಂಟರ್ ಡಿಸೈನ್ ಡೇ ಒಂದನ್ನೇ ನಂಬಿದರೆ ರೀಹೀಟ್ ಕಾಯಿಲ್ ಚಿಕ್ಕದಾಗಿಬಿಡಬಹುದು.

ಚಳಿ ದೇಶಗಳಲ್ಲಿರುವವರಿಗೆ: ವಿಂಟರ್ ಡಿಸೈನ್ ಡೇಯಲ್ಲಿ ಬಿಸಿಲು ಸೊನ್ನೆ, ಜನ, ದೀಪ ಸೊನ್ನೆ, ತಾಪಮಾನ ದಿನವಿಡೀ ಒಂದೇ. ಕೆಟ್ಟ ರಾತ್ರಿಯನ್ನೇ ಹಿಡಿಯುವುದು ಉದ್ದೇಶ. ಅಲ್ಲಿ ಫಲಿತಾಂಶ ನಿರ್ಧರಿಸುವುದು ಸಂದುಗಳಿಂದ ನುಗ್ಗುವ ಗಾಳಿ. ಅದನ್ನು ಊಹಿಸಿ ಹಾಕುವ ಬದಲು ಬ್ಲೋವರ್ ಡೋರ್ ಪರೀಕ್ಷೆಯ (ಬಾಗಿಲಿಗೆ ಫ್ಯಾನ್ ಕೂರಿಸಿ ಗಾಳಿಯ ಸೋರಿಕೆ ಅಳೆಯುವುದು) ಅಂಕಿ ಹಾಕಿ. ಹೀಟ್ ಪಂಪ್ ಆದರೆ ಹೊರಗೆ ಚಳಿ ಹೆಚ್ಚಿದಷ್ಟೂ ಅದರ ಸಾಮರ್ಥ್ಯ ಇಳಿಯುತ್ತದೆ. ಡಿಸೈನ್ ತಾಪಮಾನದಲ್ಲಿ ಅದು ಎಷ್ಟು ಕೊಡುತ್ತದೆ ಅಂತ ನೋಡಬೇಕು, ಡಬ್ಬದ ಮೇಲಿನ ಅಂಕಿಯಲ್ಲ. ರಾತ್ರಿ ಥರ್ಮೋಸ್ಟಾಟ್ ಇಳಿಸಿ ಬೆಳಗ್ಗೆ ಬೇಗ ಬೆಚ್ಚಗಾಗಬೇಕು ಅನ್ನುವವರು ಅದಕ್ಕೂ ಸ್ವಲ್ಪ ಸೇರಿಸಬೇಕು. ಮನೆಗಳಿಗಾದರೆ ಅಮೆರಿಕದಲ್ಲಿ ಮ್ಯಾನುಯಲ್ ಜೆ, ಕೆನಡಾದಲ್ಲಿ ಎಫ್280 ಪದ್ಧತಿ ಇದೆ. ಪರ್ಮಿಟ್‌ಗೆ ಅದನ್ನೇ ಕೇಳಬಹುದು.

ಲೆಕ್ಕ ಯಾವ ಹಂತದಲ್ಲಿ ಮಾಡಿಸಬೇಕು?

ಗಾಜು ಆರ್ಡರ್ ಮಾಡುವ ಮೊದಲು. ಆಮೇಲೆ ಮಾಡಿದರೆ ದೊಡ್ಡ ಲೋಡ್‌ಗೆ ದೊಡ್ಡ ಯಂತ್ರ ಅನ್ನುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಹೈದರಾಬಾದ್ ಹತ್ತಿರದ ಪೋಚಾರಂನಲ್ಲಿ ಇನ್ಫೋಸಿಸ್ ಒಂದು ಕಟ್ಟಡವನ್ನು ಎರಡು ಸಮ ಭಾಗ ಮಾಡಿ, ಒಂದಕ್ಕೆ ಮಾಮೂಲಿ ಗಾಳಿಯ ಎಸಿ, ಇನ್ನೊಂದಕ್ಕೆ ಸ್ಲ್ಯಾಬ್‌ನೊಳಗೆ ತಣ್ಣೀರಿನ ಪೈಪು ಹಾಕಿ ಅಳೆಯಿತು. ಎರಡನೆಯದಕ್ಕೆ ಸುಮಾರು ಮೂರನೇ ಒಂದು ಭಾಗ ಕಡಿಮೆ ಕರೆಂಟ್ ಸಾಕಾಯಿತು. ಎಲ್ಲರೂ ಆ ಪೈಪಿನ ಬಗ್ಗೆ ಮಾತಾಡುತ್ತಾರೆ. ಸ್ಲ್ಯಾಬ್‌ನಿಂದ ತೆಗೆಯಬಹುದಾದ ಶಾಖಕ್ಕೆ ಒಂದು ಮಿತಿ ಇದೆ. ಗಾಜು, ನೆರಳು, ಗೋಡೆಗಳಲ್ಲೇ ಲೋಡ್ ಇಳಿಸಿದ್ದರಿಂದ ಆ ಪೈಪು ಸಾಕಾಯಿತು ಅನ್ನುವುದನ್ನು ಮರೆಯುತ್ತಾರೆ.

ನಮ್ಮ 3 ಬಿಎಚ್‌ಕೆ ಫ್ಲಾಟಿಗೆ ಇದೆಲ್ಲ ಬೇಕಾ?

ಬೇಡ. ಪಶ್ಚಿಮದ ಕಿಟಕಿಗೆ ಹೊರಗಿನಿಂದ ನೆರಳು ಮಾಡಿ, ಟಾಪ್ ಫ್ಲೋರ್ ಆದರೆ ತಾರಸಿಗೆ ಬಿಳಿ ಬಣ್ಣ ಹೊಡೆಸಿ, ಒಳ್ಳೆಯ ಇನ್ವರ್ಟರ್ ಎಸಿ ತಗೊಳ್ಳಿ. 2020ರ ಜನವರಿಯಿಂದ ಸ್ಟಾರ್ ಲೇಬಲ್ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಗೆ ನಿಂತಿರುತ್ತವೆ. ಅಲ್ಲೇ ಬಿಡಿ.

ಕನ್ಸಲ್ಟೆಂಟ್ ಕೊಟ್ಟ ರಿಪೋರ್ಟ್‌ನಲ್ಲಿ ಮಾಲೀಕರು ಏನು ನೋಡಬೇಕು?

ಟನ್ ಇರುವ ಪುಟ ಬಿಟ್ಟು ಮುಂದೆ ಹೋಗಿ. ಪ್ರತಿ ಝೋನ್‌ನ ಪೀಕ್ ಯಾವ ತಿಂಗಳು, ಎಷ್ಟು ಗಂಟೆಗೆ ಅಂತ ಒಂದು ಪಟ್ಟಿ ಇರಬೇಕು. ಎಲ್ಲ ಝೋನ್‌ಗೂ ಒಂದೇ ದಿನ, ಒಂದೇ ಗಂಟೆ ಇದ್ದರೆ ಡಿಸೈನ್ ಡೇ ಒಂದೇ ಹಾಕಿದ್ದಾರಾ ಅಂತ ಕೇಳಿ. ಸೇಫ್ಟಿ ಫ್ಯಾಕ್ಟರ್ ಎಲ್ಲೆಲ್ಲಿ ಇದೆ ಅಂತ ಬರೆದು ಕೊಡಲು ಹೇಳಿ. ಸೆಟ್ ಮಾಡಿದ ತಾಪಮಾನ ಸಿಗದ ಗಂಟೆಗಳು ವರ್ಷಕ್ಕೆ 300 ದಾಟಬಾರದು ಅನ್ನುವುದು ಆಶ್ರೇ 90.1ರ ಹೋಲಿಕೆ ಮಾಡೆಲ್‌ಗಳ ಮಿತಿ. ಆ ಸಂಖ್ಯೆ ಸೊನ್ನೆ ಬಂದಿದ್ದರೆ ಅದನ್ನು ಹೆಮ್ಮೆಯಿಂದ ತೋರಿಸುತ್ತಾರೆ. ನೀವು ಚಿಲ್ಲರ್ ಒಂದು ಸೈಜ್ ಇಳಿಸಿದರೆ ಅದು ಎಷ್ಟಾಗುತ್ತದೆ ಅಂತ ಕೇಳಿ. ಮಾಡೆಲ್ ಇದ್ದವರು ಮಾರನೇ ದಿನ ಉತ್ತರ ಕೊಡುತ್ತಾರೆ.